ಪುಸ್ತಕ ಮರೆತ ಕಾಡು

ಸೊಂಟದ ಮಟ್ಟ ಅಗೆಯುವ ಹೊತ್ತಿಗೆ ಕಪ್ಪು ಮಣ್ಣು ಮುಗಿದು ಬಿಳಿ ಸುಣ್ಣದ ನೆಲ ಸಿಕ್ಕಿತು. ಲ್ಯಾಂಬರ್ಟ್ ಸನಿಕೆಯನ್ನು ಬದಿಗಿಟ್ಟು ಗುದ್ದಲಿ ಎತ್ತಿಕೊಂಡ. ಹಾಲ್ಡೀನ್ ಊರಿನ ಚರ್ಚಿನ ಅಂಗಳದಲ್ಲಿ ಹದಿನೆಂಟು ವರ್ಷದಿಂದ ಹೆಣದ ಗುಂಡಿ ತೋಡಿದವನಿಗೆ ಎಲ್ಲಿ ಕಲ್ಲಿದೆ, ಎಲ್ಲಿ ಬೇರಿದೆ ಎಂಬುದು ಕಣ್ಣು ಕಟ್ಟಿ ಬಿಟ್ಟರೂ ಗೊತ್ತಾಗುತ್ತಿತ್ತು. ಆದರೂ ಈವತ್ತು ಎರಡು ಸಲ ಗುದ್ದಲಿ ಚಕಮಕಿ ಕಲ್ಲಿಗೆ ತಗುಲಿ ತೋಳು ಜುಮ್ಮೆಂದಿತು. ಸಿಬಿಲವ್ವನ ಗುಂಡಿಯನ್ನು ತಾನೇ ತೋಡಬೇಕಾದೀತೆಂದು ಅವನು ಯೋಚಿಸಿಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದ್ದ. ಅದಕ್ಕೆ ಮೊದಲೇ ತಾನು ಹೋದರೆ ವಾಸಿ ಎಂದೂ ಅಂದುಕೊಂಡಿದ್ದ.

"ಸ್ವಲ್ಪ ಉದ್ದ ತೋಡು. ಅವ್ವ ಕಾಲು ಮಡಚಿ ಮಲಗೋಳಲ್ಲ."

ಲ್ಯಾಂಬರ್ಟ್ ತಲೆಯೆತ್ತಿದ. ಗುಂಡಿಯ ಅಂಚಿನಲ್ಲಿ ಸಿಬಿಲಳ ಮಗಳು ಪಾರ್ನೆಲ್ ನಿಂತಿದ್ದಳು. ಕಣ್ಣು ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನ ಜೊತೆ ಆಡಿದ ಮೊದಲ ಮಾತು ಇದು.

"ಆಗಲವ್ವ," ಎಂದ.

"ನಿನ್ನ ಮುಖ ನೋಡೋಕೆ ಬಂದವಳಲ್ಲ ನಾನು. ಅವ್ವ ಹೇಳಿದ್ಲು ಅಂತ ಬಂದೆ." ಅವಳು ಒಮ್ಮೆ ಚರ್ಚಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಒಂದನೇ ಅಧ್ಯಾಯ ನನ್ನ ಹತ್ರ ಐತೆ, ಬಾಯಿಪಾಠ. ಎರಡನೇದು ನನ್ನ ಗಂಡನ ಹತ್ರ. ನಾಲ್ಕು ಅಗಾಥಕ್ಕನ ಹತ್ರ, ಐದು ಕುರಿ ಕಾಯೋ ಹಂಫ್ರಿ ಹತ್ರ. 'ಮೂರನೇದು ನಿನ್ನ ಜೊತೇಲೇ ಹೋಗ್ತದಲ್ಲವ್ವ, ಈಗಲಾದ್ರೂ ನನಗೆ ಹೇಳಿಕೊಡು' ಅಂದೆ. 'ಅದು ಹೋಗಲ್ಲ, ಮೊದ್ದನ ಹತ್ರ ಐತೆ' ಅಂದ್ಲು."

ಮೊದ್ದ ಎಂದರೆ ಲ್ಯಾಂಬರ್ಟನೇ. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಪಾದ್ರಿಯೊಬ್ಬರೇ.

"ಜ್ವರ ಏರಿತ್ತೇನೋ ಮುದುಕಿಗೆ," ಎಂದ ಲ್ಯಾಂಬರ್ಟ್. "ನನ್ನ ತಲೆಗೆ ಏನೂ ಹತ್ತಲ್ಲ ಅಂತ ಊರಿಗೇ ಗೊತ್ತು."

"ನಾನೂ ಹಂಗೇ ಅಂದೆ. 'ಇಲ್ಲ ಅಂತಾನೆ. ಅವನ ಬಾಯಿ ನೋಡಬೇಡ, ಕೈ ನೋಡು' ಅಂದ್ಲು."

ಲ್ಯಾಂಬರ್ಟ್ ಗುದ್ದಲಿಯ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ಹೆಣ ಇಳಿಸಿದ ಮೇಲೆ ಐದೂ ಹೇಳೋಣ ಅಂತಿದ್ದೀವಿ, ನಮ್ಮ ಮಾತಲ್ಲಿ," ಎಂದಳು ಪಾರ್ನೆಲ್. "ನೀನು ಬಾಯಿ ಬಿಡದಿದ್ರೆ ಎರಡಾದ ಮೇಲೆ ನಾಲ್ಕು. ಹಲ್ಲು ಬಿದ್ದ ಬಾಯಿ ಹಂಗೆ ಕಾಣ್ತದೆ, ಅಷ್ಟೇ. ನಿನ್ನನ್ನ ಬೇಡಿಕೊಳ್ಳೋಕೆ ನನಗೆ ನಾಲಿಗೆ ಬರಲ್ಲ."

"ಕಾಯಿದೆ ಐತಲ್ಲ ತಾಯಿ."

"ಕಾಯಿದೆ ಬೈಬಲ್ ಓದಬಾರದು ಅಂತದೆ. ನಮ್ಮಲ್ಲಿ ಯಾರಿಗೆ ಓದೋಕೆ ಬರ್ತದೆ?"

ಸೆರಗಿನಂಥ ಮೇಲುಹೊದಿಕೆಯನ್ನು ಎಳೆದುಕೊಂಡು ಅವಳು ಹೊರಟುಹೋದಳು. ಲ್ಯಾಂಬರ್ಟ್ ಗುಂಡಿಯೊಳಗೇ ನಿಂತ. ಅವಳು ಕೇಳಿದ್ದು ಸಣ್ಣದಲ್ಲ. ಮೂರನೆಯ ಅಧ್ಯಾಯವನ್ನು ಅವನು ಬಾಯಿ ಬಿಟ್ಟು ಹೇಳಿದರೆ ಊರಿಗೆ ಎರಡು ವಿಷಯ ಒಟ್ಟಿಗೆ ತಿಳಿಯುತ್ತಿತ್ತು: ಅವನು ಮೊದ್ದನಲ್ಲ ಎಂಬುದು ಒಂದು, ತನ್ನನ್ನು ಹಿಡಿದುಕೊಟ್ಟವನನ್ನು ಉಳಿಸಲೆಂದೇ ಸಿಬಿಲ್ ಬಿಷಪ್ಪನ ಮುಂದೆ ಸುಳ್ಳು ಹೇಳಿದ್ದಳು ಎಂಬುದು ಇನ್ನೊಂದು.

*

ಸಿಬಿಲಳ ಅಪ್ಪ ಒಂದು ಚಳಿಗಾಲದ ಮಟ್ಟಿಗೆ ಕೈಬರಹದ ಪುಸ್ತಕವೊಂದನ್ನು ಎರವಲು ತಂದಿದ್ದ. ಅದಕ್ಕಾಗಿ ಒಂದು ಗಾಡಿ ಹುಲ್ಲು ಕೊಟ್ಟಿದ್ದನಂತೆ. ಅಂಗೈಯಗಲದ ಪುಸ್ತಕ, ಒಳಗಿದ್ದದ್ದು ಬೈಬಲ್ಲಿನ ಯಾಕೋಬನ ಪತ್ರ ಒಂದೇ, ಐದೇ ಅಧ್ಯಾಯ. ದೇವರಿಗೆ ಲ್ಯಾಟಿನ್ ಬಿಟ್ಟು ಬೇರೆ ಮಾತು ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ನೂರು ವರ್ಷ ಹಿಂದೆ, ಯಾರೋ ಪಂಡಿತರು ಅದನ್ನು ಇಂಗ್ಲಿಷಿಗೆ ತಂದಿದ್ದರು. ಅಂಥ ಪುಸ್ತಕ ಇಟ್ಟುಕೊಂಡವರನ್ನು ಅದರ ಜೊತೆಗೇ ಸುಟ್ಟದ್ದೂ ಉಂಟು. ಹನ್ನೆರಡು ವರ್ಷದ ಸಿಬಿಲ್ ಅಪ್ಪನ ಗೆಳೆಯ ಓದುವುದನ್ನು ಉಣ್ಣೆ ಹಿಂಜುತ್ತಾ ಕೇಳಿದಳು. ವಸಂತ ಬರುವ ಹೊತ್ತಿಗೆ ಪುಸ್ತಕ ಹಿಂದಕ್ಕೆ ಹೋಯಿತು. ಪತ್ರ ಅವಳಲ್ಲೇ ಉಳಿಯಿತು. ಒಂದಕ್ಷರ ಬಾರದ ಹುಡುಗಿಯ ತಲೆಯೊಳಗೆ ಐದು ಅಧ್ಯಾಯ ಹೇಗೆ ಕೂತವೋ ಎಂದು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ.

ಸಿಬಿಲಳಿಗೆ ಮೂವತ್ತಾದಾಗ ಲ್ಯಾಂಬರ್ಟ್ ಉಣ್ಣೆಮೂಟೆ ಸಾಗಿಸುವ ಗಾಡಿಯವನು. ಇಪ್ಪತ್ತನಾಲ್ಕು ವರ್ಷ, ಮೈಯಲ್ಲಿ ಬಲ, ಬಾಯಲ್ಲಿ ಅದರ ಎರಡರಷ್ಟು. ಮೂಟೆ ಕಟ್ಟುವ ತನಕ ಸಿಬಿಲಳ ಅಂಗಳದಲ್ಲಿ ಕೂತು ಊರೂರ ಸುದ್ದಿ ಹೇಳುತ್ತಿದ್ದ.

"ನಿನ್ನ ಬಾಯಿ ಒಂದು ಗಳಿಗೆ ಸುಮ್ನಿರಲ್ವಲ್ಲೋ," ಎಂದಳು ಅವಳು ಒಂದು ದಿನ. ಅವನಿಗಿಂತ ಆರು ವರ್ಷ ದೊಡ್ಡವಳು, ತಮ್ಮನನ್ನು ಗದರಿದ ಹಾಗೆ ಗದರುತ್ತಿದ್ದಳು. "ಬಾ ಇಲ್ಲಿ, ಅದಕ್ಕೊಂದು ಕೆಲಸ ಕೊಡ್ತೀನಿ."

ಉಣ್ಣೆ ಹಿಂಜುವ ಜೋಡಿ ಹಣಿಗೆಗಳನ್ನು ಅವನ ಕೈಗಿಟ್ಟಳು. ಹಣಿಗೆಯ ಒಂದು ಎಳೆತಕ್ಕೆ ಒಂದು ಮಾತು. ಬಾಯಿ ತಪ್ಪಿದರೆ ಕೈ ನಿಲ್ಲಿಸಬೇಕು, ಕೈ ತಪ್ಪಿದರೆ ಬಾಯಿ. ಅವಳು ಹೇಳಿಕೊಡುತ್ತಿದ್ದ ಕ್ರಮವೇ ಅದು. ಒಬ್ಬರಿಗೆ ಒಂದೇ ಅಧ್ಯಾಯ. ಒಬ್ಬರು ಸಿಕ್ಕಿಬಿದ್ದರೆ ಉಳಿದ ನಾಲ್ಕು ಸಿಗಬಾರದು ಎಂಬುದು ಅವಳ ಲೆಕ್ಕ.

ಕುದುರೆಯ ಬಾಯಿಗೆ ಹಾಕುವ ಸಣ್ಣ ಕಡಿವಾಣ ಇಡೀ ಕುದುರೆಯನ್ನೇ ತಿರುಗಿಸುತ್ತದೆ ಎಂಬ ಮಾತು ಬಂದಾಗ ಲ್ಯಾಂಬರ್ಟ್ ಹಿಗ್ಗಿದ. "ಇದನ್ನ ಬರೆದೋನು ಗಾಡಿಯೋನೇ ಇರಬೇಕು ಕಣಕ್ಕ."

ಮುಂದಿನ ಮಾತು ಹಡಗು. ಸಮುದ್ರದ ಮುಖ ಇಬ್ಬರೂ ಕಂಡವರಲ್ಲ.

"ಕೊಟ್ಟಿಗೇನೇ ಹೊತ್ಕೊಂಡು ಹೋಗೋ ಗಾಡಿ ಅಂದ್ಕೋ," ಎಂದಳು ಸಿಬಿಲ್.

"ಎಳಿಯೋದು ಯಾರು?"

"ಗಾಳಿ ಎಳೀತದಂತೆ."

"ಹಂಗಾದ್ರೆ ಮೇವಿನ ಚಿಂತೆ ಇಲ್ಲ ಬಿಡು."

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಬೆಂಕಿಯ ಮಾತು ಬಂತು. ಎಷ್ಟು ಸಣ್ಣ ಕಿಡಿ ಎಷ್ಟು ದೊಡ್ಡ ಕಾಡನ್ನು ಸುಟ್ಟುಬಿಡುತ್ತದೆ ನೋಡು ಎಂಬ ಮಾತು. ಆ ಕಿಡಿ ಮನುಷ್ಯನ ನಾಲಿಗೆಯೇ ಎಂಬ ಮಾತು. ನಮ್ಮ ಬೆಟ್ಟಗಳ ಕಡೆ ಕಾಡಿಗೂ ಸೌದೆಗೂ ಒಂದೇ ಪದ, 'ವುಡ್'. ಕೇಳಿದವರಿಗೆ ಬೀಚ್ ಮರಗಳ ಇಡೀ ಗುಡ್ಡವೂ ಕಾಣುತ್ತದೆ, ಒಲೆಯ ಪಕ್ಕದ ಹೊರೆಯೂ ಕಾಣುತ್ತದೆ.

"ನನಗೆ ಈ ಮೂರನೇದನ್ನೇ ಯಾಕಕ್ಕ ಕೊಟ್ಟೆ?" ಎಂದು ಕೇಳಿದ ಲ್ಯಾಂಬರ್ಟ್.

"ನಿನ್ನ ಬಾಯಿ ನೋಡಿ," ಎಂದಳು.

*

ಇಪ್ಪತ್ತು ವರ್ಷ ಕಳೆದ ಮೇಲೆ ಬಿಷಪ್ಪನ ವಿಚಾರಣೆ ನಮ್ಮ ಬೆಟ್ಟಕ್ಕೆ ಬಂತು. ಯಾರ್ಯಾರು ಇಂಗ್ಲಿಷಿನಲ್ಲಿ ವೇದವಾಕ್ಯ ಹೇಳುತ್ತಾರೆ, ಯಾರ್ಯಾರು ಕೇಳುತ್ತಾರೆ ಎಂಬ ವಿಚಾರಣೆ. ಲ್ಯಾಂಬರ್ಟನನ್ನು ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಎರಡು ದಿನ ತಣ್ಣನೆಯ ಕೋಣೆಯಲ್ಲಿ ಕಾಯಿಸಿದರು, ಮೂರನೆಯ ದಿನ ಪುಸ್ತಕದ ಮೇಲೆ ಕೈ ಇಡಿಸಿ ಕೇಳಿದರು. ಹಾಲ್ಡೀನಿನಲ್ಲಿ ಹಾಗೆ ಹೇಳುವವರು ಯಾರು? ಅವನ ನಾಲಿಗೆ ಹೊರಳಿತು. "ಉಣ್ಣೆ ಹಿಂಜೋ ಸಿಬಿಲ್," ಎಂದುಬಿಟ್ಟ. ಹೆದರಿಕೆಯಿಂದ ಅಂದೆನೋ, ಕೇಳಿದರೆ ಉತ್ತರ ಕೊಡುವ ಚಟದಿಂದ ಅಂದೆನೋ ಎಂಬುದು ಅವನಿಗೇ ಇವತ್ತಿಗೂ ಬಗೆಹರಿದಿಲ್ಲ.

ಸಿಬಿಲಳನ್ನು ಕರೆಸಿದರು. ಬಾಯಿಪಾಠ ಬರುವುದು ನಿಜ ಎಂದು ಒಪ್ಪಿಕೊಂಡಳು. ಬೇರೆ ಯಾರ ಹೆಸರೂ ಹೇಳಲಿಲ್ಲ. ಹಿಂಜುವಾಗ ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತೇನೆ, ಕೇಳಿದ್ದರೆ ಬೆಕ್ಕು ಕೇಳಿರಬೇಕು ಎಂದಳು.

ಗುಮಾಸ್ತ ಲ್ಯಾಂಬರ್ಟನ ಕಡೆ ಲೇಖನಿ ತೋರಿಸಿದ. "ಇವನು? ಇವನು ನಿನ್ನಿಂದ ಕಲಿತಿಲ್ಲವೇ?"

ಕಲಿತವನೆಂದು ಅವಳು ಅಂದಿದ್ದರೆ ಅವನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ತಲೆ ತಗ್ಗಿಸಿ ಕಾದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವನಾ? ಚೆನ್ನಾಗಿ ಕೇಳಿದ್ರಿ ಸ್ವಾಮಿ. ಇವನಿಗೆ ತನ್ನ ನಾಯಿ ಹೆಸರೇ ನೆನಪಿರಲ್ಲ. ಹೋದ ವರ್ಷ ಕುದುರೇನ ಗಾಡಿಗೆ ಹಿಂದುಮುಂದಾಗಿ ಕಟ್ಟಿ, ಯಾಕೆ ಮುಂದಕ್ಕೆ ಹೋಗ್ತಿಲ್ಲ ಅಂತ ನನ್ನನ್ನೇ ಕೇಳ್ದ. ಇಂಥ ಮೊದ್ದನ ತಲೆಗೆ ಯಾಕೋಬನ ಪತ್ರ ಹತ್ತಿದ್ರೆ ನಾನೇ ಪವಾಡ ಅಂತೀನಿ."

ಬಿಷಪ್ಪನ ಕಡೆಯವರೆಲ್ಲ ನಕ್ಕರು. ಗುಮಾಸ್ತನೂ ನಕ್ಕ. ಲ್ಯಾಂಬರ್ಟನನ್ನು ಮನೆಗೆ ಕಳಿಸಿದರು.

ಅವಳಿಗೆ ಶಿಕ್ಷೆಯಾಯಿತು. ಮೂರು ಸಂತೆಯ ದಿನ ಬರಿಗಾಲಲ್ಲಿ ಸೌದೆ ಹೊರೆ ಹೊತ್ತು ಸಂತೆ ಸುತ್ತಬೇಕು. ಇನ್ನೊಂದು ಸಲ ಸಿಕ್ಕಿದರೆ ಇದೇ ಸೌದೆಯಲ್ಲಿ ಸುಡುತ್ತೇವೆ ಎಂಬುದು ಅದರ ಅರ್ಥ. ಸಾಯುವ ತನಕ ಎಡತೋಳಿನ ಮೇಲೆ ಸೌದೆಯ ಗುರುತಿನ ಬಟ್ಟೆಪಟ್ಟಿ ಹೊಲಿದುಕೊಂಡಿರಬೇಕು. ಲ್ಯಾಂಬರ್ಟ್ ಸಂತೆಯ ಮೂಲೆಯಲ್ಲಿ ನಿಂತು ನೋಡಿದ. ಹೊರೆ ದೊಡ್ಡದಿತ್ತು. ಅವಳು ಒಂದು ಸಲವೂ ಇಳಿಸಿ ಸುಧಾರಿಸಿಕೊಳ್ಳಲಿಲ್ಲ.

ಆಮೇಲೆ ಊರು ಅವನನ್ನು ಮೊದ್ದ ಎಂದೇ ಕರೆಯಿತು. ಚಾಡಿಕೋರ ಎಂದಿದ್ದರೂ ಅವನು ಓಗೊಡುತ್ತಿದ್ದ. ಗಾಡಿ ಬಿಟ್ಟು ಚರ್ಚಿನ ಚಾಕರಿ ಹಿಡಿದ, ಮಾತು ಬಿಟ್ಟ. ಗುಂಡಿಯೊಳಗೆ ಇಳಿದು ನಿಂತಾಗ, ಮೇಲೆ ಯಾರೂ ಇಲ್ಲದಾಗ, ಮೂರನೆಯ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಹೇಳಿಕೊಳ್ಳುತ್ತಿದ್ದ. ಅವಳು ಕೊಟ್ಟದ್ದನ್ನು ಕಳೆಯಬಾರದು ಎಂಬುದೊಂದೇ ಅವನಿಗೆ ಉಳಿದಿದ್ದ ಮರ್ಯಾದೆ.

*

ಚರ್ಚಿನ ಗಂಟೆ ಹೊಡೆಯಿತು. ಬೀಚ್ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿದ್ದ ಅಕ್ಟೋಬರಿನ ಬೆಳಗು. ಸಾವಿರದ ಐನೂರ ನಲವತ್ತಮೂರನೆಯ ಇಸವಿ. ಊರಿನ ಚಟ್ಟದ ಮೇಲೆ ಬಿಳಿಬಟ್ಟೆ ಸುತ್ತಿದ ದೇಹವನ್ನು ಹೊತ್ತು ಹದಿನೈದಿಪ್ಪತ್ತು ಜನ ಇಳಿಜಾರಿನಲ್ಲಿ ಬಂದರು. ಪಾದ್ರಿ ಕ್ರಿಸ್ಪಿನ್ ಇನ್ನೂ ಒಳಗೆ ನಿಲುವಂಗಿ ತೊಡುತ್ತಿದ್ದರು. ಚಟ್ಟವನ್ನು ಗೇಟಿನ ಚಾವಣಿಯ ಕೆಳಗೆ ಇಳಿಸಿ ಎಲ್ಲರೂ ಕಾದರು. ಲ್ಯಾಂಬರ್ಟ್ ಸನಿಕೆ ಹಿಡಿದು ದೂರದಲ್ಲಿ ನಿಂತ.

"ಗುಂಡಿ ನೆಟ್ಟಗೆ ತೋಡಿದ್ದೀಯೇನೋ ಮೊದ್ದ?" ಎಂದು ಕೂಗಿದಳು ಬಿಯರು ಮಾರುವ ಅಗಾಥ. ದಪ್ಪ ದೇಹ, ಅದಕ್ಕಿಂತ ದಪ್ಪ ದನಿ. "ನಮ್ಮ ಯಜಮಾನರನ್ನ ಓರೆಯಾಗಿ ಮಲಗಿಸಿದ್ದೆ."

"ಅವರು ಬದುಕಿದ್ದಾಗಲೂ ಓರೆಯಾಗೇ ನಡೀತಿದ್ರಲ್ಲ ಅಗಾಥಕ್ಕ," ಎಂದ ಹಂಫ್ರಿ. ಒಂದಿಬ್ಬರು ನಕ್ಕರು.

ಪಕ್ಕದ ಊರಿಂದ ಬಂದಿದ್ದ ಸಿಬಿಲಳ ತಂಗಿಯ ಮಗಳೊಬ್ಬಳು ಅಗಾಥಳ ತೋಳು ಹಿಡಿದು ಕೇಳಿದಳು: "ದೊಡ್ಡವ್ವ ಚರ್ಚಿನ ಪುಸ್ತಕಕ್ಕೇ ಬೈದಿದ್ದಳಂತೆ, ಹೌದಾ?"

"ಬೈದಿದ್ದಲ್ಲ ಕಣೇ, ತಿದ್ದಿದ್ದು." ಅಗಾಥ ಸೊಂಟಕ್ಕೆ ಕೈಕೊಟ್ಟಳು. "ಮೂರು ವರ್ಷದ ಕೆಳಗೆ. ಅದೇ ರಾಜ, ಅದೇ ಬಿಷಪ್ಪುಗಳು. ಯಾವುದನ್ನ ಬಾಯಲ್ಲಿ ಹೇಳಿದ್ದಕ್ಕೆ ಸೌದೆ ಹೊರಿಸಿದ್ರೋ ಅದನ್ನೇ ಅಚ್ಚು ಹಾಕಿಸಿ, ಊರೂರಿಗೆ ಕಳಿಸಿ, ಯಾರೂ ಕದೀಬಾರದು ಅಂತ ಸರಪಳಿ ಬಿಗಿದ್ರು. ಸಮುದ್ರದಾಚೆ ಕೂತು ಅದನ್ನ ನಮ್ಮ ಮಾತಿಗೆ ತಂದೋನ್ನ ಕೊಂದು ಸುಟ್ಟು ಆಗಿತ್ತು, ಆ ಮಾತು ಬೇರೆ. ಪಾದ್ರಿ ಯಾಕೋಬನ ಪತ್ರ ಓದ್ತಾರೆ ಅಂತ ಗೊತ್ತಾಗಿ ಸಿಬಿಲವ್ವ ಮುಂದುಗಡೆ ಬೆಂಚಲ್ಲಿ ಕೂತ್ಲು. ನಾನು ಪಕ್ಕದಲ್ಲೇ ಇದ್ದೆ. ಕಣ್ಣು ಮುಚ್ಕೊಂಡು, ಕೈಯಲ್ಲಿ ಹಿಂಗೆ ಉಣ್ಣೆ ಹಿಂಜ್ತಾ ಕೇಳ್ತಿದ್ಲು. ಮೂರನೇದ್ರಲ್ಲಿ ಆ ಬೆಂಕಿ ಮಾತು ಬಂತು ನೋಡು. ಪಾದ್ರಿ, 'ಎಷ್ಟು ಸಣ್ಣ ಬೆಂಕಿ ಎಷ್ಟು ದೊಡ್ಡ ವಸ್ತುವನ್ನು ಸುಡುತ್ತದೆ' ಅಂತ ಓದಿದ್ರು. ಸಿಬಿಲವ್ವನ ಕೈ ಗಕ್ಕಂತ ನಿಂತ್ಹೋಯ್ತು. 'ವಸ್ತು ಅಲ್ಲ ಸ್ವಾಮಿ, ಕಾಡು' ಅಂದ್ಲು."

"ಚರ್ಚಲ್ಲೇ?"

"ಚರ್ಚಲ್ಲೇ, ಎಲ್ಲರೆದುರಿಗೇ. ಪಾದ್ರಿ ಕನ್ನಡಕ ಏರಿಸಿ ನೋಡಿ, 'ಇಲ್ಲಮ್ಮ, ಪುಸ್ತಕದಲ್ಲಿ ವಸ್ತು ಅಂತಲೇ ಇದೆ' ಅಂದ್ರು. ಇವಳು ಬಿಡಬೇಕಲ್ಲ. 'ಹಂಗಾದ್ರೆ ಪುಸ್ತಕಕ್ಕೆ ಮರೆತುಹೋಗೈತೆ' ಅಂದ್ಲು."

ಎಲ್ಲರೂ ನಕ್ಕರು, ನಗುವಿನ ಜೊತೆಗೇ ಕೆಲವರು ಕಣ್ಣೊರೆಸಿಕೊಂಡರು. ಲ್ಯಾಂಬರ್ಟನಿಗೆ ಆ ಭಾನುವಾರ ಕಣ್ಣಿಗೆ ಕಟ್ಟಿದಂತಿತ್ತು. ಹಿಂದಿನ ಕಂಬದ ಪಕ್ಕ ನಿಂತಿದ್ದ ಅವನ ತುಟಿಯೂ ತಾನಾಗಿ 'ಕಾಡು' ಎಂದಿತ್ತು. ಅದೇ ಗಳಿಗೆಗೆ ಸಿಬಿಲ್ ತಿರುಗಿ, ಇಡೀ ಚರ್ಚು ದಾಟಿ, ನೇರ ಅವನನ್ನು ನೋಡಿದ್ದಳು. ನೀನಾದರೂ ಹೇಳೋ ಎನ್ನುವ ನೋಟ. ಅವನು ನೆಲ ನೋಡಿದ್ದ.

"ಈಗ ಅದನ್ನ ನಾವು ಮುಟ್ಟೋ ಹಂಗೂ ಇಲ್ಲ," ಎಂದಳು ಅಗಾಥ. "ಹೋದ ಬೇಸಗೇಲಿ ಬಂತಲ್ಲ ಕಾಯಿದೆ. ಹೆಂಗಸರು, ಕೂಲಿಯೋರು, ಕಸುಬಿನೋರು ಬೈಬಲ್ ಓದಬಾರದು. ದೊಡ್ಡೋರು ಮಾತ್ರ ಓದಬೇಕಂತೆ."

"ಅಕ್ಕ, ತೋಳಿನ ಪಟ್ಟಿ ಬಿಚ್ಚಿದ್ರಾ?" ಎಂದು ಯಾರೋ ಕೇಳಿದರು.

"ಬೆಳಿಗ್ಗೆ ಬಿಚ್ಚಿದೆ," ಎಂದಳು ಪಾರ್ನೆಲ್. "ಅಂಗಿಯೆಲ್ಲ ಬೂದಿ ಬಣ್ಣಕ್ಕೆ ಬಂದೈತೆ. ಪಟ್ಟಿ ಅಡಿ ಮಾತ್ರ ನೀಲಿ ಹಂಗೇ ಐತೆ, ಹೊಸಾದು ಹೆಂಗಿತ್ತೋ ಹಂಗೇ."

ಲ್ಯಾಂಬರ್ಟ್ ಗುಂಡಿಯ ಕಡೆ ತಿರುಗಿ ನಡೆದ.

*

ಪಾದ್ರಿ ಕ್ರಿಸ್ಪಿನ್ ಲ್ಯಾಟಿನ್ನಿನಲ್ಲಿ ಎಲ್ಲವನ್ನೂ ಹೇಳಿದರು. ಪವಿತ್ರಜಲ ಚಿಮುಕಿಸಿದರು. ಹಗ್ಗ ಹಿಡಿದು ನಾಲ್ವರು ದೇಹವನ್ನು ಇಳಿಸಿದರು. ಗುಂಡಿ ಉದ್ದವಾಗಿತ್ತು, ನೆಟ್ಟಗಿತ್ತು, ಸಿಬಿಲವ್ವ ಕಾಲು ಚಾಚಿ ಮಲಗಿದಳು. ಪಾದ್ರಿ ಕೈಯಲ್ಲಿದ್ದ ಮಂತ್ರಪುಸ್ತಕ ಮುಚ್ಚಿ, ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಅವರು ಈ ಊರಿಗೆ ಬಂದು ಎಂಟು ವರ್ಷವಾಗಿತ್ತು. ಹೆದರುವ ಸ್ವಭಾವದ ಮನುಷ್ಯ, ಆದರೆ ದಡ್ಡರಲ್ಲ.

"ಒಳಗಿನ ದೊಡ್ಡ ಪುಸ್ತಕ ಮುಚ್ಚೋದು ಮರೆತೆ," ಎಂದರು. "ತುಂಬಾ ದಪ್ಪ ಪುಸ್ತಕ ಅದು, ಮುಚ್ಚೋಕೆ ಹೊತ್ತು ಹಿಡಿಯುತ್ತೆ. ನನಗೆ ಕಿವಿಯೂ ಅಷ್ಟಕ್ಕಷ್ಟೆ."

ಅವರು ಒಳಗೆ ಹೋದರು. ಬಾಗಿಲನ್ನು ಪೂರ್ತಿ ಹಾಕಲಿಲ್ಲ.

ಪಾರ್ನೆಲ್ ಮುಂದೆ ಬಂದು ಗುಂಡಿಯ ತಲೆಯ ಕಡೆ ನಿಂತಳು. ಒಂದನೆಯ ಅಧ್ಯಾಯ ಶುರುಮಾಡಿದಳು. ಕಷ್ಟ ಬಂದಾಗ ತಾಳುವವರ ಮಾತು, ಕೇಳಿ ಮರೆಯುವುದಕ್ಕಿಂತ ಕೇಳಿದ್ದನ್ನು ಮಾಡುವವರ ಮಾತು. ಅವಳ ಬರಿಗೈಗಳು ಎದೆಯ ಮುಂದೆ ಒಂದರ ಮೇಲೊಂದು ಎಳೆಯುತ್ತಿದ್ದವು, ಇಲ್ಲದ ಹಣಿಗೆಗಳಲ್ಲಿ ಇಲ್ಲದ ಉಣ್ಣೆಯನ್ನು ಹಿಂಜುತ್ತಾ. ಅವಳು ಮುಗಿಸಿದಾಗ ಅವಳ ಗಂಡ ಆಂಬ್ರೋಸ್ ಶುರುಮಾಡಿದ. ಮರದ ಬಟ್ಟಲು ಕಡೆಯುವ ಅವನ ಒರಟು ಕೈಗಳೂ ಹಾಗೆಯೇ ಆಡಿದವು. ಹಸಿದವನಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಬಂತು ಎಂದು ಕೇಳುವ ಅಧ್ಯಾಯ ಅವನದು. ಸಿಬಿಲ್ ಅದನ್ನು ಅಳಿಯನಿಗೆ ಕೊಟ್ಟದ್ದು ಬೇಕೆಂದೇ ಎಂದು ಊರಿನ ನಗೆಮಾತು.

ಆಂಬ್ರೋಸ್ ಮುಗಿಸಿದ. ಗಾಳಿಗೆ ನಾಲ್ಕು ಎಲೆ ಉದುರಿದವು. ಅಗಾಥ ತನ್ನ ಕೈ ಎತ್ತಿಕೊಂಡು ಪಾರ್ನೆಲಳ ಮುಖ ನೋಡಿದಳು. "ಮೂರನೇದು ಇಲ್ವಲ್ಲವ್ವ. ನಾನು ಶುರು ಮಾಡ್ಲಾ?"

"ಒಂದು ಗಳಿಗೆ ತಾಳಕ್ಕ," ಎಂದಳು ಪಾರ್ನೆಲ್. ಅವಳು ಯಾರ ಕಡೆಯೂ ನೋಡಲಿಲ್ಲ.

ಲ್ಯಾಂಬರ್ಟ್ ಗುಂಡಿಯ ಕಾಲ ಬಳಿ ಸನಿಕೆ ಊರಿ ನಿಂತಿದ್ದ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮೊದ್ದನಾಗಿಯೇ ಬದುಕಿ, ಮೊದ್ದನಾಗಿಯೇ ಸತ್ತು, ಇದೇ ಅಂಗಳದಲ್ಲಿ ಇನ್ಯಾರೋ ತೋಡಿದ ಗುಂಡಿಯಲ್ಲಿ ಮಲಗಬಹುದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಸಿಬಿಲ್ ಮೂರನೆಯದನ್ನು ಮತ್ತೊಬ್ಬರಿಗೆ ಕೊಡಬಹುದಾಗಿತ್ತು. ಮಗಳಿದ್ದಳು, ಅಳಿಯನಿದ್ದ. ಕೊಡಲಿಲ್ಲ. ಇವನಲ್ಲಿ ಇಟ್ಟದ್ದು ಇವನಲ್ಲೇ ಇದೆ ಎಂದು ನಂಬಿ ಕೂತಿದ್ದಳು, ಅದೂ ಯಾರನ್ನು, ಎರಡು ದಿನದ ಚಳಿಗೆ ಅವಳ ಹೆಸರು ಹೇಳಿದವನನ್ನು. ಅದು ನೆನಪಾಗಿ ಅವನಿಗೆ ತಡೆಯಲಾಗಲಿಲ್ಲ.

ಸನಿಕೆ ನೆಲಕ್ಕೆ ಬಿತ್ತು. ಎಲ್ಲರೂ ತಿರುಗಿ ನೋಡಿದರು. ಲ್ಯಾಂಬರ್ಟನ ಕೈಗಳು ಎದೆಯ ಮುಂದೆ ಬಂದಿದ್ದವು, ಬಲಗೈ ಎಡಗೈಯ ಮೇಲೆ ಎಳೆಯುತ್ತಿತ್ತು.

ಮೊದಲ ಮಾತು ಯಾರಿಗೂ ಕೇಳಿಸಲಿಲ್ಲ. ಎರಡನೆಯದು ಕೇಳಿಸಿತು. ಕುದುರೆಯ ಬಾಯಿಯ ಕಡಿವಾಣಕ್ಕೆ ಬರುವ ಹೊತ್ತಿಗೆ ಹಳೆಯ ಗಾಡಿಯವನ ದನಿ ಹಿಂದಕ್ಕೆ ಬಂದಿತ್ತು.

"ಮೊದ್ದ," ಎಂದಳು ಅಗಾಥ ಮೆಲ್ಲಗೆ. ಆಮೇಲೆ ಅವಳಿಗೆ ಹೊಳೆಯಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ ಸಿಬಿಲವ್ವ. ಸುಳ್ಳು ಹೇಳಿಬಿಟ್ಟಿದ್ದೆಯೇನೇ."

ಹಡಗು ದಾಟಿತು. ಬೆಂಕಿ ಬಂತು. ಎಷ್ಟು ಸಣ್ಣ ಕಿಡಿ, ಎಷ್ಟು ದೊಡ್ಡ... ಲ್ಯಾಂಬರ್ಟ್ ನಿಂತ. ಗುಂಡಿಯೊಳಗೆ ಒಬ್ಬನೇ ಹೇಳಿಕೊಳ್ಳುವಾಗ ಒಂದು ಸಲವೂ ಅವನು ಇಲ್ಲಿ ನಿಂತವನಲ್ಲ. ಈಗ ಆ ಪದದ ಹಿಂದೆ ಬೀಚ್ ಮರದ ಗುಡ್ಡ ಕಾಣಲಿಲ್ಲ. ಸಂತೆಯ ಕೆಸರಿನಲ್ಲಿ ಬರಿಗಾಲು, ಬಾಗಿದ ಬೆನ್ನು, ಅದರ ಮೇಲಿನ ಹೊರೆ ಕಂಡಿತು. ಅವನ ಕೆನ್ನೆ ಒದ್ದೆಯಾಯಿತು. ಕೈ ಮಾತ್ರ ನಿಂತಿರಲಿಲ್ಲ. ಬಾಯಿ ತಪ್ಪಿದರೆ ಕೈ ನಿಲ್ಲಿಸಬೇಕು ಎಂಬ ಅವಳ ನಿಯಮವನ್ನು ಕೈಯೇ ಮೀರಿ, ಇನ್ನೊಂದು ಎಳೆತ ಎಳೆದು, ಬಾಯಿಯನ್ನು ಮುಂದಕ್ಕೆ ತಳ್ಳಿತು.

"ಕಾಡು," ಎಂದ ಲ್ಯಾಂಬರ್ಟ್.

ಚರ್ಚಿನ ಅರೆಬಾಗಿಲ ಒಳಗಡೆ ಏನೋ ಸದ್ದಾಯಿತು, ಸರಪಳಿ ಅಲ್ಲಾಡಿದ ಹಾಗೆ. ಅವನು ನಿಲ್ಲಲಿಲ್ಲ. ಕೊನೆಯವರೆಗೆ ಹೇಳಿದ. ಅವನು ಮುಗಿಸಿದಾಗ ಅಗಾಥ ಬಾಯಿಗಿಟ್ಟ ಕೈ ತೆಗೆದು ನಾಲ್ಕನೆಯದನ್ನು ಶುರುಮಾಡಿದಳು. ಹಂಫ್ರಿ ಐದನ್ನು ಹೇಳಿ ಮುಗಿಸಿದ. ಐದು ಮಂದಿ ಹೆಬ್ಬೆರಳಿನಿಂದ ಎದೆಯ ಮೇಲಿನ ಇಲ್ಲದ ಉಣ್ಣೆಯ ಜುಂಗು ಕೊಡವಿಕೊಂಡರು. ಪಾಠ ಮುಗಿದಾಗ ಸಿಬಿಲ್ ಹಾಗೇ ಮಾಡುತ್ತಿದ್ದಳು.

*

ಜನ ರೊಟ್ಟಿ, ಗಿಣ್ಣು, ಬಿಯರಿಗೆಂದು ಅಗಾಥಳ ಮನೆಗೆ ಹೋದರು. ಲ್ಯಾಂಬರ್ಟ್ ಗುಂಡಿ ಮುಚ್ಚಿ, ಖಾಲಿ ಚಟ್ಟವನ್ನು ಹೊತ್ತು ಚರ್ಚಿನೊಳಗೆ ತಂದ. ಪಾದ್ರಿ ಕ್ರಿಸ್ಪಿನ್ ದೊಡ್ಡ ಪುಸ್ತಕದ ಮುಂದೆ ನಿಂತಿದ್ದರು. ಪುಸ್ತಕ ತೆರೆದೇ ಇತ್ತು.

"ಬಾ ಲ್ಯಾಂಬರ್ಟ್, ಇಲ್ಲಿ ನೋಡು," ಎಂದರು.

"ನನಗೆ ಓದೋಕೆ ಬರಲ್ಲ ಸ್ವಾಮಿ. ಬಂದಿದ್ರೂ ಕಾಯಿದೆ ಬಿಡಲ್ಲ."

"ಓದಬೇಡ. ನೋಡು ಅಂದೆ."

ಅಚ್ಚಿನ ಸಾಲುಗಳ ಪಕ್ಕದ ಖಾಲಿ ಅಂಚಿನಲ್ಲಿ ಅವರು ಬೆರಳಿಟ್ಟು ತೋರಿಸಿದರು. ಅಲ್ಲಿ ಕೈಯಲ್ಲಿ ಬರೆದ ಒಂದು ಸಣ್ಣ ಪದ ಇತ್ತು. ಶಾಯಿ ಒಣಗಿ ಕಂದಾಗಿತ್ತು.

"ಕಾಡು," ಎಂದರು ಪಾದ್ರಿ. "ಆಕೆ ನನ್ನನ್ನು ತಿದ್ದಿದ ಭಾನುವಾರವೇ ಬರೆದೆ. ಆಮೇಲೆ ಹಳೇ ಲ್ಯಾಟಿನ್ ಪುಸ್ತಕ ತೆಗೆದು ನೋಡಿದೆ. ಅದರಲ್ಲೂ ಕಾಡು ಅಂತಲೇ ಇದೆ. ಆಕೆಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಎಂಟು ವರ್ಷ ನಾನೂ ನಿನ್ನನ್ನು ಮೊದ್ದ ಅಂತಲೇ ನಂಬಿದ್ದೆ."

"ಅವಳು ಹೇಳಿದ್ಮೇಲೆ ಊರು ನಂಬದೆ ಇರ್ತದಾ ಸ್ವಾಮಿ."

ಪಾದ್ರಿ ಶಾಯಿಕುಡಿಕೆಯ ಮುಚ್ಚಳ ತೆಗೆದರು. "ಇನ್ನೊಂದು ಸಲ ಹೇಳು. ಮೊದಲಿಂದ, ನಿಧಾನಕ್ಕೆ. ಪುಸ್ತಕ ಇನ್ನೆಲ್ಲೆಲ್ಲಿ ಮರೆತಿದೆಯೋ ನೋಡೋಣ."

ಹಿಂದೆ ಹೆಜ್ಜೆಸದ್ದಾಯಿತು. ಪಾರ್ನೆಲ್ ಬಂದಿದ್ದಳು. ಕೈಯಲ್ಲಿದ್ದ ರೊಟ್ಟಿಯನ್ನೂ ಬಿಯರಿನ ಬಟ್ಟಲನ್ನೂ ಬೆಂಚಿನ ಮೇಲೆ, ಲ್ಯಾಂಬರ್ಟನ ಕೈಗೆಟುಕುವ ಹಾಗೆ ಇಟ್ಟಳು. ಸತ್ತವರ ಮನೆಯ ರೊಟ್ಟಿ. ಅದು ಅವನ ಪಾಲಿಗೂ ಬಂದೀತೆಂದು ಅವನು ಅಂದುಕೊಂಡಿರಲಿಲ್ಲ. ಅವಳು ಹೋಗಿ ಬಾಗಿಲು ಮುಚ್ಚಿ ಅಗಣಿ ಹಾಕಿದಳು. ಮತ್ತೆ ಬಂದು ಅವನ ಹಿಂದೆ, ಒಂದು ಮಾರು ದೂರದಲ್ಲಿ ನಿಂತಳು.

"ಜೋರಾಗಿ ಹೇಳು ಮಾವ," ಎಂದಳು. "ನನಗೂ ಕೇಳಿಸಲಿ."

ಪಾದ್ರಿ ಲೇಖನಿಯನ್ನು ಶಾಯಿಯಲ್ಲಿ ಅದ್ದಿದರು. ಲ್ಯಾಂಬರ್ಟ್ ಕಣ್ಣು ಮುಚ್ಚಿ ಶುರುಮಾಡಿದ. ಒಂದು ಎಳೆತಕ್ಕೆ ಒಂದು ಮಾತು. ಗುಂಡಿ ತೋಡಿದ ಅಂಗೈಗಳಿಗೆ ಅಂಟಿದ್ದ ಸುಣ್ಣ ಒಣಗಿ, ಕೈಗಳು ಉಜ್ಜಿದಂತೆಲ್ಲ ಬಿಳಿಬಿಳಿಯಾಗಿ ಪುಡಿಪುಡಿಯಾಗಿ ನೆಲಕ್ಕೆ ಉದುರುತ್ತಿತ್ತು. ಅವನ ಬೆನ್ನ ಹಿಂದೆ ಪಾರ್ನೆಲಳ ಕೈಗಳು ಒಂದು ಮಾತು ತಡವಾಗಿ ಅದೇ ಉಣ್ಣೆಯನ್ನು ಹಿಂಜುತ್ತಿದ್ದವು.